ಗಾಜಿಗೆ ಅಂಟಿದ ಅತ್ತೆಯ ಮುಖ

ಮಾನ್ಯ ಸಂಪಾದಕರೇ, ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿ ನನ್ನ ಅಂಗಡಿಯಲ್ಲಿ ಎರಡು ಕೆಲಸಕ್ಕೆ ಬರುತ್ತದೆ. ಮೊದಲು ಓದಲಿಕ್ಕೆ, ಆಮೇಲೆ ಬ್ಲೌಸಿನ ಅಳತೆ ಕತ್ತರಿಸಲಿಕ್ಕೆ. ಈ ಸಲ ಓದುವುದು ತಪ್ಪಿತ್ತು, ಮದುವೆ ಸೀಸನ್ ನೋಡಿ. ಮಂಗಳವಾರ ಆ ಹಾಳೆಯ ಮೇಲೆ ತೋಳಿನ ಗುರುತು ಹಾಕಿದೆ. ಇನ್ನೇನು ಕತ್ತರಿ ಇಡಬೇಕು, ಅಷ್ಟರಲ್ಲಿ ಒಂದು ಚಿತ್ರ ಕಣ್ಣಿಗೆ ಬಿತ್ತು. ಒಂದು ಮೇಜು, ಮೇಲೆ ಚಹಾದ ಸಾಮಾನು. ಕುಡಿಯುವವರು ಯಾರೂ ಇಲ್ಲ. ಈಗ ಎದ್ದು ಒಳಗೆ ಹೋದರೇನೋ ಅನ್ನುವ ಹಾಗೆ. ಕತ್ತರಿ ಕೆಳಗಿಟ್ಟು ಲೇಖನ ಪೂರ್ತಿ ಓದಿದೆ. ಗಿರಾಕಿ ಕಾಯುತ್ತ ಕೂತಿದ್ದರು. ಕೂತಿರಲಿ ಅಂದುಕೊಂಡೆ.

ಆ ಚಿತ್ರ ಬಿಡಿಸಿದಾಕೆ ಎನ್‌ಜಿಡೆಕಾ ಅಕುನ್ಯಿಲಿ ಕ್ರಾಸ್ಬಿ. ಈ ಹೆಸರು ಬರೆಯಲು ನಾಲ್ಕು ಸಲ ನಿಮ್ಮ ಪುರವಣಿ ನೋಡಿದ್ದೇನೆ. 1983ರಲ್ಲಿ ನೈಜೀರಿಯಾದ ಎನುಗು ಎಂಬ ಊರಲ್ಲಿ ಹುಟ್ಟಿದವರು. 1999ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿಯೇ ಓದಿ, ಅಲ್ಲಿಯವರನ್ನೇ ಮದುವೆಯಾಗಿ, ಈಗ ಲಾಸ್ ಏಂಜಲಿಸ್‌ನಲ್ಲಿ ಇದ್ದಾರೆ. ಬಿಡಿಸುವುದೆಲ್ಲ ಮನೆಯ ಒಳಗಿನದೇ. ಸೋಫಾ, ಮೇಜು, ಗೋಡೆಗೆ ತೂಗುಹಾಕಿದ ಫೋಟೊ, ಸುಮ್ನೆ ಕೂತ ಹೆಣ್ಣುಮಗಳು. ಹತ್ತಿರ ಹೋದರೆ ಆ ಗೋಡೆ, ಆ ನೆಲ, ಕೆಲವು ಕಡೆ ಮೈಯ ಚರ್ಮವೂ ಸಣ್ಣ ಸಣ್ಣ ಫೋಟೊಗಳಿಂದ ತುಂಬಿರುತ್ತದೆಯಂತೆ. ಮನೆಯ ಆಲ್ಬಮ್ಮಿನವು, ನೈಜೀರಿಯಾದ ಹಳೇ ಪತ್ರಿಕೆಗಳವು.

ಇಷ್ಟೆಲ್ಲ ಚೆನ್ನಾಗಿ ಬರೆದಿದ್ದೀರಿ. ಆದರೆ ನಿಮ್ಮ ಲೇಖಕರ ಒಂದು ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಅದಕ್ಕೇ ಈ ಪತ್ರ. ಈಕೆ ಅಲ್ಲಿಯವಳೂ ಅಲ್ಲ, ಇಲ್ಲಿಯವಳೂ ಅಲ್ಲ, ಎರಡು ದೇಶದ ನಡುವೆ ಹರಿದುಹೋದವಳು ಅನ್ನುವ ಹಾಗೆ ಅವರು ಬರೆದಿದ್ದಾರೆ. ‘ಅಸ್ಮಿತೆ’ ಅನ್ನುವ ಪದ ಹನ್ನೊಂದು ಸಲ ಇದೆ, ಎಣಿಸಿದ್ದೇನೆ. ಉಳಿದ ಜಾಗದಲ್ಲಿ ಅರ್ಧ, ಚಿತ್ರಗಳ ಬೆಲೆಯ ಮಾತಿಗೇ ಹೋಗಿದೆ. 2017ರಲ್ಲಿ ಲಂಡನ್ನಿನ ಹರಾಜಿನಲ್ಲಿ ಒಂದು ಚಿತ್ರ ಮೂವತ್ತು ಲಕ್ಷ ಡಾಲರಿಗೂ ಮೇಲೆ ಹೋಯಿತು ಎಂದು ಓದಿ ನಮ್ಮ ಮನೆಯವರು ಕೇಳಿದ್ದು ಒಂದೇ: “ಚದರಡಿಗೆ ಎಷ್ಟು ಬಿತ್ತು?” ಮುಳುಗಡೆಯಲ್ಲಿ ಮನೆ ಕಳೆದುಕೊಂಡವರು ಎಲ್ಲವನ್ನೂ ಚದರಡಿಯಲ್ಲೇ ಕೇಳುತ್ತಾರೆ. ಅವರದೇನು ತಪ್ಪಿಲ್ಲ.

ನಾನು ಬಾಗಲಕೋಟೆಯ ನವನಗರದಲ್ಲಿ ಹೊಲಿಗೆ ಕೆಲಸ ಮಾಡುವವಳು. ಹೊಲಿಗೆ ಹಿಡಿದು ಮೂವತ್ತನಾಲ್ಕು ವರ್ಷ ಆಯಿತು. ನನ್ನ ತವರು ಗುಳೇದಗುಡ್ಡ. ನಮ್ಮವ್ವ ಕುಣಿಮಗ್ಗದಲ್ಲಿ ಕೂತು ಕುಪ್ಪಸದ ಖಣ ನೇಯುತ್ತಿದ್ದಳು. ಗಂಡನ ಮನೆ ಹಳೇ ಬಾಗಲಕೋಟೆಯಲ್ಲಿ, ನದಿಯ ಕಡೆಯ ಓಣಿಯಲ್ಲಿತ್ತು. ಈಗ ಅಲ್ಲಿ ಆಲಮಟ್ಟಿಯ ಹಿನ್ನೀರು ನಿಂತಿದೆ.

ನಮ್ಮ ಕಡೆ ಮದುವೆಯಾದ ಹೆಣ್ಣಿಗೆ ಹೆಸರಿಗಿಂತ ಊರೇ ಜಾಸ್ತಿ. ಅತ್ತೆಯ ಓಣಿಯವರಿಗೆ ನಾನು ಇವತ್ತಿಗೂ “ಗುಳೇದಗುಡ್ಡದಾಕಿ”. ತವರಿಗೆ ಹೋದರೆ ನನ್ನ ಸ್ವಂತ ಅಣ್ಣನ ಹೆಂಡತಿ “ಬಾಗಲಕೋಟಿಯವರು ಬಂದ್ರು, ಚಾ ಇಡ್ರಿ” ಅನ್ನುತ್ತಾಳೆ. ಎರಡೂ ಕಡೆ ನಾನು ಆಚೆಯವಳೇ. ಹಾಗಂತ ನಾನು ಹರಿದುಹೋಗಿದ್ದೇನಾ? ಎರಡೂ ಮನೆಯ ಉಪ್ಪಿನಕಾಯಿಯ ಅಳತೆ ಗೊತ್ತು, ಎರಡೂ ಮನೆಯ ಸತ್ತವರ ತಿಥಿ ಗೊತ್ತು. ನಿಮ್ಮ ಲೇಖಕರು ಗಂಡಸರಿರಬೇಕು, ಕ್ಷಮಿಸಿ. ಎರಡು ಮನೆ ಹೊತ್ತುಕೊಂಡು ಬದುಕುವುದು ದೊಡ್ಡ ಸಂಕಟ ಅಂತ ಅವರಿಗೆ ಅನಿಸಿದೆ. ನಮ್ಮಲ್ಲಿ ಅರ್ಧ ಊರು ಹಾಗೇ ಬದುಕುತ್ತದೆ.

ನೀವು ಹಾಕಿದ ಚಿತ್ರದ ಹೆಸರು ‘ಟೀ ಟೈಮ್ ಇನ್ ನ್ಯೂ ಹೇವನ್, ಎನುಗು’. 2013ರದು. ನ್ಯೂ ಹೇವನ್ ಅನ್ನುವುದು ಎನುಗು ಊರಿನ ಒಂದು ಬಡಾವಣೆ. ಆಕೆ ಅಮೆರಿಕದಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿದ ಊರಿನ ಹೆಸರೂ ನ್ಯೂ ಹೇವನ್ನೇ. ಇದನ್ನು ಲೇಖನದ ಕೊನೆಯಲ್ಲಿ ಒಂದು ಸಾಲಿನಲ್ಲಿ ಹೇಳಿ ಬಿಟ್ಟಿದ್ದಾರೆ. ನನಗೆ ಅಲ್ಲಿಯೇ ನಗು ಬಂತು. ನಾನಿರುವುದು ಬಾಗಲಕೋಟೆಯ ನವನಗರ. ಮಗಳನ್ನು ಕೊಟ್ಟಿದ್ದು ಹುಬ್ಬಳ್ಳಿಯ ನವನಗರಕ್ಕೆ. ಅವಳ ಹೆಸರಿಗೆ ಕಳಿಸಿದ ಪಾರ್ಸೆಲ್ ಒಮ್ಮೆ ನಮ್ಮ ಮನೆಗೇ ಬಂದಿತ್ತು. ಮಗಳ ಅಡುಗೆಮನೆಯಲ್ಲಿ ಚಹಾ ಕುಡಿಯುವಾಗ ಒಮ್ಮೊಮ್ಮೆ ನನ್ನ ಕೈ ನಮ್ಮ ಮನೆಯ ಸಕ್ಕರೆ ಡಬ್ಬಿ ಇರುವ ಕಡೆ ಹೋಗುತ್ತದೆ. ಆ ಮೇಜನ್ನು ಬಿಡಿಸಿದಾಕೆಗೆ ಇದು ಗೊತ್ತು ಅನಿಸಿತು.

ಈಗ ಆಕೆ ಕೆಲಸ ಮಾಡುವ ರೀತಿಗೆ ಬರುತ್ತೇನೆ. ಅಚ್ಚಾದ ಫೋಟೊವನ್ನು ಮುಖ ಕೆಳಗೆ ಮಾಡಿ ಕಾಗದದ ಮೇಲೆ ಇಡುತ್ತಾರೆ. ಹಿಂದಿನಿಂದ ಅಸಿಟೋನ್ ಸವರಿ ಒತ್ತುತ್ತಾರೆ. ಉಗುರಿನ ಬಣ್ಣ ತೆಗೆಯಲು ಹುಡುಗಿಯರು ಹಚ್ಚಿಕೊಳ್ಳುತ್ತಾರಲ್ಲ, ಅದರಲ್ಲಿ ಇರುವುದೂ ಅದೇ. ಶಾಯಿ ಬಿಟ್ಟು ಕೆಳಗಿನ ಕಾಗದಕ್ಕೆ ಇಳಿಯುತ್ತದೆ. ಪೂರ್ತಿ ಇಳಿಯುವುದಿಲ್ಲ, ಅಲ್ಲಲ್ಲಿ ಮಾಸಿರುತ್ತದೆ. ಮೊದಲೇ ತಿರುವಿ ಪ್ರಿಂಟ್ ತೆಗೆಯದಿದ್ದರೆ ಎಡ ಹೋಗಿ ಬಲ ಆಗುತ್ತದೆ. ಅದರ ಸುತ್ತ, ಕೆಲವು ಕಡೆ ಅದರ ಮೇಲೆಯೂ, ಬಣ್ಣ, ಇದ್ದಿಲು, ಬಣ್ಣದ ಪೆನ್ಸಿಲ್ ಬರುತ್ತವೆ.

ಅಚ್ಚು ಇಳಿಸುವುದು ನಮಗೂ ಹೊಸದಲ್ಲ. ಕಾಗದಕ್ಕೆ ಸೂಜಿಯಿಂದ ತೂತು ಚುಚ್ಚಿ, ಸೀಮೆಎಣ್ಣೆಯಲ್ಲಿ ನೀಲಿ ಕಲಸಿ, ಅರಿವೆಯ ಉಂಡೆಯಿಂದ ಸವರಿ ಬಟ್ಟೆಯ ಮೇಲೆ ಹೂವಿನ ಗುರುತು ಇಳಿಸುತ್ತಿದ್ದೆವು. ಕಸೂತಿಗೆ ಮಾತ್ರ ಹಾಗೆ ಮಾಡುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಅದಿರಲಿ. ನನಗೆ ಆಕೆಯ ರೀತಿ ತಿಳಿದದ್ದು ಈ ಸೀಮೆಎಣ್ಣೆಯಿಂದ ಅಲ್ಲ. ನಮ್ಮ ಅತ್ತೆಯ ಒಂದು ಫೋಟೊದಿಂದ.

ಅತ್ತೆಯ ಹರೆಯದ ಫೋಟೊ ಅದೊಂದೇ ಇತ್ತು. ಸ್ಟುಡಿಯೊದಲ್ಲಿ ತೆಗೆಸಿದ್ದು. ಹಿಂದೆ ಬಣ್ಣದ ಪರದೆ, ಪಕ್ಕದಲ್ಲಿ ಟೀಪಾಯಿ, ಅದರ ಮೇಲೆ ಕಾಗದದ ಹೂವು. ಮಾವ ನಿಂತಿದ್ದಾರೆ, ಅತ್ತೆ ಕುರ್ಚಿಯಲ್ಲಿ ಕೂತಿದ್ದಾರೆ, ಕಾಲು ನೆಲಕ್ಕೆ ಸರಿಯಾಗಿ ಮುಟ್ಟಿಲ್ಲ. ಅಷ್ಟು ಸಣ್ಣವರು. 2001ರ ಮಳೆಗಾಲದಲ್ಲಿ ಸಾಮಾನೆಲ್ಲ ಟ್ರ್ಯಾಕ್ಟರಿಗೆ ಹಾಕಿಕೊಂಡು ನವನಗರಕ್ಕೆ ಬಂದೆವು. ಕಟ್ಟು ಹಾಕಿದ ಫೋಟೊಗಳನ್ನು ಜೋಳದ ಚೀಲಗಳ ನಡುವೆ ಇಟ್ಟಿದ್ದೆ, ಗಾಜು ಒಡೆಯಬಾರದು ಅಂತ. ಗಾಜು ಒಡೆಯಲಿಲ್ಲ. ಮೇಲೆ ಹೊದಿಸಿದ ತಾಡಪತ್ರಿ ಸೋರಿತ್ತು, ಅದು ಗೊತ್ತಾಗಲಿಲ್ಲ. ಮನೆ ಮುಗಿಯುವ ತನಕ ತಗಡಿನ ಶೆಡ್ಡಿನಲ್ಲಿ ಇದ್ದೆವು. ಗಂಟು ಬಿಚ್ಚಿದ್ದು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಫೋಟೊ ಗಾಜಿಗೆ ಅಂಟಿಕೊಂಡಿತ್ತು.

ನಾನು ಅವಸರದವಳು. ಮೂಲೆ ಹಿಡಿದು ಎಳೆದೆ. ಕಾಗದ ಕೈಗೆ ಬಂತು, ಮುಖ ಗಾಜಿನಲ್ಲೇ ಉಳಿಯಿತು. ಮಾವನದು ಮೀಸೆಯ ತನಕ ಉಳಿಯಿತು, ಅತ್ತೆಯದು ಪೂರ್ತಿ ಮುಖ, ಒಂದು ಕೈ. ಭುಜದ ಕಡೆ ಏನೂ ಇಲ್ಲ. ಗಾಜು ತಿರುವಿ ಹಿಂದಿನಿಂದ ನೋಡಿದರೆ ಮೂಗುಬಟ್ಟು ಎಡಕ್ಕಿದ್ದದ್ದು ಬಲಕ್ಕೆ ಹೋಗಿತ್ತು. ನಾನು ಅಳಲಿಕ್ಕೆ ಶುರು ಮಾಡಿದೆ. ಅತ್ತೆ ಗಾಜನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದ್ದು ಇಷ್ಟು: “ಇರ್ಲಿ ಬಿಡವಾ. ಗಾಜಿನ ಮ್ಯಾಲೆ ಅದೀನಲ್ಲ, ಎಲ್ಲಿ ಹೋಗೇನಿ?”

ಬರೀ ಗಾಜಿನ ಮೇಲೆ ಮುಖ ಕಾಣುವುದಿಲ್ಲ, ಹಿಂದೆ ಏನಾದರೂ ಬಿಳಿ ಬೇಕು. ಕಾಲರಿಗೆ ಹಾಕುವ ಬಕ್ರಮ್ ತುಂಡು ಇತ್ತು, ಮುಖದ ಆಕಾರಕ್ಕೆ ಕತ್ತರಿಸಿ ಇಟ್ಟೆ. ಭುಜ, ಸೀರೆ ಎಲ್ಲ ಹೋಗಿದ್ದ ಕಡೆ ಏನಿಡುವುದು? ಅವ್ವ ನೇಯ್ದ ಒಂದು ಖಣ ನನ್ನ ಟ್ರಂಕಿನಲ್ಲಿ ಹಾಗೇ ಇತ್ತು, ತೇರಿನ ಅಚ್ಚಿನದು. ಹೊಲಿಯಲು ಮನಸ್ಸಾಗದೆ ಇಟ್ಟಿದ್ದೆ. ಅದನ್ನು ಹಿಂದೆ ಇಟ್ಟು ಕಟ್ಟು ಹಾಕಿಸಿದೆ. ಈಗ ಆ ಫೋಟೊದಲ್ಲಿ ಬಾಗಲಕೋಟೆಯ ಅತ್ತೆಯ ಮುಖದ ಕೆಳಗೆ ಗುಳೇದಗುಡ್ಡದ ಖಣದ ತೇರು ಸಾಲಾಗಿ ನಿಂತಿದೆ. ಮಾವನ ಮೀಸೆಯ ಕೆಳಗೂ ಖಣವೇ. ಅದೊಂದು ನೋಡಿ ಮನೆಯವರು ನಗುತ್ತಾರೆ.

ಹೀಗೆ ಮಾಡುವುದಕ್ಕೆ ಒಂದು ಹೆಸರಿದೆ, ಅದನ್ನು ದೊಡ್ಡ ದೊಡ್ಡ ಗ್ಯಾಲರಿಗಳಲ್ಲಿ ತೂಗುಹಾಕುತ್ತಾರೆ ಅಂತ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ನನ್ನದೂ ಆಕೆಯದೂ ಒಂದೇ ಅಂತ ಹೇಳುತ್ತಿಲ್ಲ. ನನ್ನದು ತೇಪೆ. ಆಕೆಯದು ವರ್ಷಗಟ್ಟಲೆ ಕಲಿತ ಕೈ. ಆದರೆ ಇದ್ದ ಮುಖ ಒಂದು ಕಡೆಯಿಂದ ಬಿಟ್ಟು ಇನ್ನೊಂದು ಕಡೆ ಅಂಟುವುದು ಹೇಗಿರುತ್ತದೆ, ಅದು ನನಗೆ ಗೊತ್ತು. ಮಾಸಿದ್ದು ನೋಡಿ ನಿಮ್ಮ ಲೇಖಕರು ‘ಕಳೆದುಹೋದ ನೆನಪು’ ಅಂದರು. ನಾನು ನೋಡಿದ್ದು ಉಳಿದದ್ದನ್ನು.

ಕೌದಿಯ ಮಾತು ಬಂದೇ ಬರುತ್ತದೆ ಅಂತ ನೀವು ಕಾಯುತ್ತಿರಬಹುದು. ಚೂರು ಬಟ್ಟೆ ಕಂಡರೆ ಸಾಕು, ಈಗ ಎಲ್ಲರಿಗೂ ಕೌದಿ ನೆನಪಾಗುತ್ತದೆ. ನನ್ನ ಪ್ರಕಾರ ಇದು ಕೌದಿ ಅಲ್ಲ. ಕೌದಿಯಲ್ಲಿ ಹಳೇ ಸೀರೆ ಒಳಪದರಕ್ಕೆ ಹೋಗಿ ಮುಚ್ಚಿಕೊಳ್ಳುತ್ತದೆ. ಆಕೆಯ ಚಿತ್ರದಲ್ಲಿ ಹಳೆಯದು ಮೇಲೆಯೇ ಇದೆ. ಇದಕ್ಕೆ ಹತ್ತಿರದ್ದು ಅಂದರೆ ಇಳಕಲ್ಲ ಸೀರೆಯ ಕೊಂಡಿ. ಆ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿ ಇದ್ದರೂ ಸೆರಗು ಕೆಂಪು ರೇಷ್ಮೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಸೇರಿಸುತ್ತಾರೆ. ಅದೇ ಕೊಂಡಿ. ಮನೆಯ ಹೆಣ್ಣುಮಕ್ಕಳು ಮಗ್ಗದ ಪಕ್ಕ ಕೂತು ಗಂಟೆಗಟ್ಟಲೆ ಮಾಡುವ ಕೆಲಸ. ಸೀರೆ ಉಟ್ಟಾಗ ದೂರದವರಿಗೆ ತಿಳಿಯುವುದಿಲ್ಲ. ಕೈಯಲ್ಲಿ ಹಿಡಿದರೆ ಸೇರಿದ ಜಾಗ ಕಾಣುತ್ತದೆ. ಅಲ್ಲಿ ಸೀರೆ ಹರಿದಿದೆ ಅಂತ ಯಾರಾದರೂ ಅನ್ನುತ್ತಾರಾ? ಅಲ್ಲಿ ಸೆರಗು ಶುರುವಾಗುತ್ತದೆ ಅಷ್ಟೇ.

ಆಕೆಯ ಕೆಲವು ಚಿತ್ರಗಳಲ್ಲಿ ತಾಯಿಯ ಮುಖ ಅಚ್ಚಾದ ಬಟ್ಟೆ ಬರುತ್ತದೆ ಎಂದು ಬರೆದಿದ್ದೀರಿ. ತಾಯಿ ಡೋರಾ ಅಕುನ್ಯಿಲಿ ನೈಜೀರಿಯಾದಲ್ಲಿ ಆಹಾರ ಮತ್ತು ಔಷಧಿಗಳ ಮೇಲೆ ಕಣ್ಣಿಡುವ ಸಂಸ್ಥೆಗೆ 2001ರಿಂದ ಮುಖ್ಯಸ್ಥರಾಗಿದ್ದವರು, ನಕಲಿ ಔಷಧಿ ಮಾರುವವರನ್ನು ಎದುರುಹಾಕಿಕೊಂಡವರು, 2014ರಲ್ಲಿ ತೀರಿಕೊಂಡವರು. ಅಲ್ಲಿ ಚುನಾವಣೆಗೆ, ಮದುವೆಗೆ, ಸತ್ತವರ ಮಣ್ಣಿಗೆ ಹೀಗೆ ಮುಖ ಅಚ್ಚುಹಾಕಿದ ಬಟ್ಟೆ ಮಾಡಿಸುತ್ತಾರಂತೆ. ಮನೆಯವರೆಲ್ಲ ಒಂದೇ ಬಟ್ಟೆ ಉಡುವ ಪದ್ಧತಿಯೂ ಇದೆಯಂತೆ. ಆ ಪದ್ಧತಿ ಇಲ್ಲಿಗೂ ಬಂದಿದೆ ಬಿಡಿ, ಹೋದ ತಿಂಗಳು ಒಂದೇ ಮದುವೆಗೆ ಇಪ್ಪತ್ತೆರಡು ಒಂದೇ ಥರದ ಬ್ಲೌಸ್ ಹೊಲಿದು ಕೊಟ್ಟೆ. ಮುಖ ಮಾತ್ರ ನಾವು ಬಟ್ಟೆಯ ಮೇಲೆ ಹಾಕುವುದಿಲ್ಲ, ಫ್ಲೆಕ್ಸಿನ ಮೇಲೆ ಹಾಕುತ್ತೇವೆ. ಜಾತ್ರೆ ಮುಗಿದ ಮೇಲೆ ಆ ಫ್ಲೆಕ್ಸ್ ಕಣಕಿಯ ಬಣವೆಯ ಮೇಲೆ ಹೊದಿಕೆಯಾಗುತ್ತದೆ. ನಮ್ಮ ಪಕ್ಕದ ಹೊಲದಲ್ಲಿ ಎರಡು ಪಕ್ಷದ ಮುಖಂಡರು ಒಂದೇ ಬಣವೆಯ ಮೇಲೆ ಮಲಗಿ ಎರಡು ಮಳೆಗಾಲ ಆಯಿತು.

ಈಗ ಮುಖ್ಯ ಮಾತು. ಪತ್ರ ಉದ್ದವಾದರೆ ಮೇಲಿನದಕ್ಕೆ ಎಲ್ಲಿ ಬೇಕಾದರೂ ಕತ್ತರಿ ಹಾಕಿ, ಇದಕ್ಕೆ ಹಾಕಬೇಡಿ.

ನಮ್ಮ ಹಳೇ ಮನೆಯನ್ನು ಅಳೆಯಲು ಬಂದವರು ಒಂದು ಪಟ್ಟಿ ಮಾಡಿದ್ದರು. ತೊಲೆ ಇಷ್ಟು, ಜಂತಿ ಇಷ್ಟು, ಕಂಬ ಇಷ್ಟು, ಬಾಗಿಲು ಇಷ್ಟು, ಅದರಲ್ಲಿ ಸಾಗವಾನಿ ಎಷ್ಟು. ಅವರ ಕೆಲಸ ಅದು, ನೆಟ್ಟಗೆ ಮಾಡಿದರು. ಆ ಪಟ್ಟಿಯ ನಕಲು ಇನ್ನೂ ನಮ್ಮ ಬಳಿ ಇದೆ. ಆದರೆ ಮೇಲ್ಮುದ್ದೆಯ, ಅಂದರೆ ಮಣ್ಣಿನ ಮಾಳಿಗೆಯ ಆ ಮನೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅಲ್ಲಿಂದ ಬಿದ್ದ ಬಿಸಿಲಿನ ಬಿಲ್ಲೆ ಪಡಸಾಲೆಯ ಮೇಲೆ ಸರಿಯುತ್ತ ಬೀಸುಕಲ್ಲಿಗೆ ಬಂದರೆ ಅತ್ತೆ ರೊಟ್ಟಿ ಬಡಿಯಲು ಕೂರುತ್ತಿದ್ದರು. ಗಡಿಯಾರ ಇತ್ತು, ನೋಡುತ್ತಿರಲಿಲ್ಲ. ಮಾವ ತಲೆ ಆನಿಸಿ ಕೂರುತ್ತಿದ್ದ ಕಂಬದಲ್ಲಿ ಎಣ್ಣೆಯ ಕರೆ ಇತ್ತು, ಅಂಗೈ ಅಗಲ. ಹೋಳಿಯಲ್ಲಿ ಬಣ್ಣದ ಬಂಡಿಯಿಂದ ಎರಚಿದ ಬಣ್ಣ ಬಾಗಿಲು ದಾಟಿ ಒಳಗಿನ ಗೋಡೆಗೆ ಬಿದ್ದದ್ದು, ಎಷ್ಟು ಸುಣ್ಣ ಬಳಿದರೂ ಗುಲಾಬಿಯಾಗಿ ಮೇಲೆ ಬರುತ್ತಿತ್ತು. ಇವು ಯಾವುವೂ ಪಟ್ಟಿಯಲ್ಲಿ ಇಲ್ಲ. ಫೋಟೊದಲ್ಲೂ ಇಲ್ಲ. ಯಾಕಂದರೆ ಮನೆಯ ಒಳಗಿನ ಫೋಟೊ ನಾವು ಒಂದೂ ತೆಗೆಸಲಿಲ್ಲ. ಫೋಟೊ ಅಂದರೆ ಸ್ಟುಡಿಯೊ, ಇಲ್ಲ ಮದುವೆ.

ಆ ಕಲಾವಿದೆಗೆ ಆಲ್ಬಮ್ ಇತ್ತು, ಹಳೇ ಪತ್ರಿಕೆ ಇದ್ದವು. ಮನೆಯ ಒಳಗನ್ನು ಅದರಿಂದ ಮತ್ತೆ ಕಟ್ಟಿದರು. ನಮ್ಮ ಮಕ್ಕಳಲ್ಲಿ ಯಾರಿಗಾದರೂ ನಾಳೆ ಹಾಗೆ ಕಟ್ಟುವ ಮನಸ್ಸಾದರೆ ಏನಿದೆ?

ಇದು ಹಳೇ ದುಃಖ ಅಂತ ಬಿಡುವ ಹಾಗಿಲ್ಲ. ಸುಪ್ರೀಂ ಕೋರ್ಟಿನ 2000ದ ತೀರ್ಪಿನ ಮೇಲೆ ಆಲಮಟ್ಟಿಯಲ್ಲಿ ನೀರು 519.60 ಮೀಟರ್ ತನಕ ನಿಲ್ಲುತ್ತದೆ. ಅದನ್ನು 524.256 ಮೀಟರಿಗೆ ಏರಿಸಲು 2010ರಲ್ಲಿ ಕೃಷ್ಣಾ ನೀರಿನ ಜಗಳದ ನ್ಯಾಯಾಧಿಕರಣ ಒಪ್ಪಿತು. ಇನ್ನೂ ಹದಿನೈದು ಅಡಿ. ಏರಿಸುವುದು ಬೇಕೋ ಬೇಡವೋ ಅನ್ನುವ ಜಗಳ ನನ್ನದಲ್ಲ, ಕಾಲುವೆಗೆ ಕಾಯುವ ರೈತರೂ ನಮ್ಮವರೇ, ಅವರ ಮನೆಯ ಬ್ಲೌಸೂ ನಾನೇ ಹೊಲಿಯುತ್ತೇನೆ. ಆದರೆ ನೀರು ಏರಿದರೆ ಇನ್ನೂ ಹಳ್ಳಿಗಳು ಹೋಗುತ್ತವೆ, ಹಳೇ ಬಾಗಲಕೋಟೆಯ ಉಳಿದ ಓಣಿಗಳಿಗೂ ತಾಕುತ್ತದೆ. ಆ ಮನೆಗಳಲ್ಲಿ ಇವತ್ತು ಬೆಳಿಗ್ಗೆ ಯಾರೋ ಒಲೆ ಹಚ್ಚಿದ್ದಾರೆ.

ಹಾಗಾಗಿ ಎರಡು ಕೇಳುತ್ತೇನೆ. ಆ ಊರುಗಳಲ್ಲಿ ಇರುವವರು ಈಗಲೇ ಒಳಗಿನ ಫೋಟೊ ತೆಗೆದಿಡಲಿ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಮನೆ ಸಾರಿಸಿ, ರಂಗೋಲಿ ಹಾಕಿ ತೆಗೆಯುವುದು ಬೇಡ. ಪಾತ್ರೆ ಇಡುವ ನಾಗಂದಿಗೆ ಹೇಗಿದೆಯೋ ಹಾಗೆ, ಒಲೆಯ ಹಿಂದಿನ ಮಸಿ ಇದ್ದ ಹಾಗೆ. ಮನುಷ್ಯರು ನಿಂತರೆ ನಿಲ್ಲಲಿ, ಇಲ್ಲದಿದ್ದರೂ ನಡೆಯುತ್ತದೆ.

ಮುಳುಗಿದವರಿಗೆ ಇನ್ನೊಂದು ದಾರಿ ಇದೆ, ನಾನು ಈ ವಾರ ಕಂಡುಕೊಂಡದ್ದು. ಮದುವೆ ಆಲ್ಬಮ್ ತೆಗೆದು ಮುಂದೆ ನಿಂತವರನ್ನು ಬಿಟ್ಟು ಹಿಂದೆ ನೋಡಿ. ನಾದಿನಿಯ ಮದುವೆಯ ಒಂದು ಫೋಟೊದಲ್ಲಿ ಅವಳ ತಲೆಯ ಹಿಂದೆ ನಮ್ಮ ನಾಗಂದಿಗೆ ಇದೆ. ಮೂರು ಹಿತ್ತಾಳೆ ಚರಿಗೆ, ಒಂದರ ಬಾಯಿ ನೆಗ್ಗಿದೆ. ಪಕ್ಕದಲ್ಲಿ ಒಂದು ಕ್ಯಾಲೆಂಡರ್, ಮಣಿಯಲ್ಲಿ ಪೋಣಿಸಿದ ಜೋಡಿ ಗಿಳಿ. ಇನ್ನೊಂದರಲ್ಲಿ ಅರಿಸಿನ ಹಚ್ಚುವವರ ಭುಜದ ಸಂದಿಯಲ್ಲಿ ಆ ಗುಲಾಬಿ ಗೋಡೆ, ಬೆರಳಿನಷ್ಟು. ಇಪ್ಪತ್ತೈದು ವರ್ಷ ಆ ಆಲ್ಬಮ್ ನೋಡಿದ್ದೇನೆ. ಸೀರೆ ಯಾವುದು, ಯಾರು ದಪ್ಪ ಆದರು ಅಂತ ನೋಡಿದ್ದೇ ಹೊರತು ಗೋಡೆ ನೋಡಿರಲಿಲ್ಲ. ಮನೆಯವರಿಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. “ಗ್ವಾಡಿ ಬರೋಬ್ಬರಿ ಐತಿ ನೋಡು” ಅಂದರು. ಈ ಸಲ ಚದರಡಿ ಕೇಳಲಿಲ್ಲ.

ನಿಮ್ಮ ಪತ್ರಿಕೆ ವಾರಕ್ಕೆ ಒಂದು ಮೂಲೆ ಕೊಟ್ಟರೆ ಜನ ಇಂಥವನ್ನು ಕಳಿಸುತ್ತಾರೆ. ಬಾಗಲಕೋಟೆಯವರು, ವಿಜಯಪುರದ ಕಡೆಯವರು, ನೀರಿಗೆ ಮನೆ ಬಿಟ್ಟವರು ಎಲ್ಲರೂ. ಹೆಸರು ಬೇಡ, ಊರು ಮತ್ತು ಓಣಿ ಸಾಕು. ದಯವಿಟ್ಟು ದೊಡ್ಡದಾಗಿ ಹಾಕಿ. ಆಕೆಯ ಎಷ್ಟೋ ಚಿತ್ರಗಳು ಏಳಡಿ ಎತ್ತರ ಇರುತ್ತವಂತೆ, ನೀವು ಹಾಕಿದ್ದು ನನ್ನ ಸೂಜಿಡಬ್ಬಿಯಷ್ಟು.

ಮೊದಲನೆಯದು ನನ್ನದೇ ಇರಲಿ. ಗಾಜನ್ನು ಪೋಸ್ಟಿನಲ್ಲಿ ಕಳಿಸಲು ಧೈರ್ಯವಿಲ್ಲ, ಒಮ್ಮೆ ಟ್ರ್ಯಾಕ್ಟರಿಗೆ ಹಾಕಿ ಕಂಡಿದ್ದೇನೆ. ಮೊಮ್ಮಗಳು ಮೊಬೈಲಿನಲ್ಲಿ ಫೋಟೊ ತೆಗೆದುಕೊಟ್ಟಿದ್ದಾಳೆ. ಗಾಜಿನಲ್ಲಿ ಅಂಗಡಿಯ ಟ್ಯೂಬ್‌ಲೈಟು, ಮಿಷಿನ್ನಿನ ಗಾಲಿ, ಕಟ್ಟು ಹಿಡಿದ ನನ್ನ ಕೈ ಎಲ್ಲ ಬಂದಿದೆ. ಎಡಿಟ್ ಮಾಡಿ ತೆಗೆದುಬಿಡಲಾ ಅಜ್ಜಿ ಅಂತ ಕೇಳಿದಳು. ಬೇಡ ಅಂದೆ. ನಿಮ್ಮ ಕಚೇರಿಯವರಿಗೂ ಹೇಳಿಬಿಡಿ.

ನಿಮ್ಮ ಓದುಗಾರ್ತಿ,
ಗುಳೇದಗುಡ್ಡದಾಕಿ
ನವನಗರ, ಬಾಗಲಕೋಟೆ